ಬರೆದದ್ದು ಯಾರು

ಭಾನುವಾರ ಬೆಳಿಗ್ಗೆ ಎರಡನೇ ಲೋಟ ಕಾಫಿ ಮುಗಿಯುವವರೆಗೆ ಪೇಪರನ್ನು ಗಟ್ಟಿಯಾಗಿ ಓದುವುದು ಗೋಪಾಲಕೃಷ್ಣರಾಯರ ಚಟ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟ ಗಂಟಲು ಅದು, ಮೆಲ್ಲಗೆ ಓದುವುದು ಹೇಗೆಂದು ಅದಕ್ಕೆ ಗೊತ್ತಿಲ್ಲ. ಅಡಿಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವರ ಹೆಂಡತಿ ಕಮಲಾಕ್ಷಮ್ಮ ಬೇರೆ ದಿನಗಳಲ್ಲಿ ಅದನ್ನು ಕಿವಿಯ ಮೇಲೇ ಹಾಕಿಕೊಳ್ಳುತ್ತಿರಲಿಲ್ಲ. ಆ ದಿನ ಮಾತ್ರ ಊರಿನ ಸುದ್ದಿಯ ಪುಟ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು.

ಐವತ್ತೈದನೇ ಇಸವಿಯ ಮಾತು. ಕೊಯಮತ್ತೂರಿಗೆ ಆ ವರ್ಷ ಚಿತ್ರಪ್ರದರ್ಶನದ ಹುಚ್ಚು ಹಿಡಿದಿತ್ತು. ಒಂದೇ ವಾರದಲ್ಲಿ ಮೂರು ಕಡೆ! ರಾಯರು ಒಂದೊಂದಾಗಿ ಓದಿದರು. ರೇಸ್ ಕೋರ್ಸಿನ ಹತ್ತಿರದ ಕ್ಲಬ್ಬಿನಲ್ಲಿ ಟೀ ತೋಟದ ದೊರೆಸಾನಿಯರ ನೀಲಗಿರಿ ನೋಟಗಳು, ಸದಸ್ಯರಿಗೆ ಮಾತ್ರ ಪ್ರವೇಶ. ಕಾಲೇಜಿನ ಹಾಲಿನಲ್ಲಿ ಡ್ರಾಯಿಂಗ್ ಮೇಷ್ಟರೊಬ್ಬರ ಸಮುದ್ರದ ಚಿತ್ರಗಳು. ನಮ್ಮೂರಿನಲ್ಲಿ ಸಮುದ್ರ ಎಲ್ಲಿಂದ ಬಂತೋ ಆ ಮೇಷ್ಟರೇ ಹೇಳಬೇಕು. ಮೂರನೆಯದು ಒಪ್ಪಣಕ್ಕಾರ ಬೀದಿಯ ಮಹಡಿಯ ಮೇಲೆ, ನೊಯ್ಯಲ್ ಕಲೈ ಮಂಡ್ರಂ ಎಂಬ ಸಂಘದ್ದು. 'ಮೂವತ್ತೊಂದು ಜನ ಕಲಾವಿದರಲ್ಲಿ ಮೊದಲನೇ ಬಹುಮಾನ, ಹದಿನಾಲ್ಕು ಮದುವೆ ಚಿತ್ರಗಳಿಗೆ. ಈ ಚಿತ್ರಗಳು ಮದರಾಸಿನ ದೊಡ್ಡ ಪ್ರದರ್ಶನಕ್ಕೂ ಆಯ್ಕೆಯಾಗಿವೆ' ಎಂಬಲ್ಲಿಗೆ ಬಂದ ರಾಯರ ಗಂಟಲು ತಟ್ಟನೆ ಸಣ್ಣಗಾಯಿತು. ಆ ಗಂಟಲು ಸಣ್ಣಗಾದದ್ದನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಕಮಲಾಕ್ಷಮ್ಮ ಅವರೆಕಾಯಿ ಬಿಟ್ಟು ಹೊರಗೆ ಬಂದಳು. "ನಂಗಾ ಬಹುಮಾನ? ನಂಗೇನಾ? ಯಾಕ್ರೀ ನಿಲ್ಲಿಸಿಬಿಟ್ರಿ, ಓದ್ರೀ!"

"ಏನೋ ತಪ್ಪಾ ಅಚ್ಚು ಪೋಟ್ಟುಬಿಟ್ಟಿದಾರೆ ಕಣೆ."

"ತಪ್ಪೋ ಒಪ್ಪೋ, ಓದ್ರೀ ಅಂದೆ."

ರಾಯರು ಓದಿದರು. "ಓವಿಯಂ, ಶ್ರೀ ಚಂದ್ರಶೇಖರನ್. ಎಳುತ್ತು, ಶ್ರೀಮತಿ ಕಮಲಾಕ್ಷಿ."

ಅಂದರೆ ಚಿತ್ರ ಚಂದ್ರಶೇಖರನದು, ಚಿತ್ರದ ಕೆಳಗಿನ ಅಕ್ಷರ ಮಾತ್ರ ಕಮಲಾಕ್ಷಿಯದು! ಈ ಚಂದ್ರಶೇಖರ ಯಾರು ಅಂತೀರಿ? ರಾಯರ ಸ್ವಂತ ತಮ್ಮ, ಕಮಲಾಕ್ಷಮ್ಮನ ಮೈದುನ, ಅದೇ ಮನೆಯ ಮುಂದಿನ ಕೋಣೆಯಲ್ಲಿರುವ ಬ್ರಹ್ಮಚಾರಿ. ಪೀಳಮೇಡಿನ ಮಿಲ್ಲೊಂದರಲ್ಲಿ ಡ್ರಾಫ್ಟ್ಸ್‌ಮನ್. ಸ್ಕೇಲು ಹಿಡಿದು ಯಂತ್ರದ ನಕ್ಷೆ ಎಳೆಯುವುದು ಅವನ ಕಸುಬು. ಸ್ಕೇಲಿಲ್ಲದೆ ಒಂದು ಬಾಳೆಎಲೆ ಬರೆ ಎಂದರೆ ಬೆವರುವ ಆಸಾಮಿ. ಆ ಹದಿನಾಲ್ಕು ಹಾಳೆಗಳಲ್ಲಿ ಅವನದೆಂಬ ಒಂದು ಚುಕ್ಕೆ ಇರಲಿಲ್ಲ.

ಕಮಲಾಕ್ಷಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಕೈಯಿಂದ ಪೇಪರು ಕಿತ್ತುಕೊಂಡು ತಾನೇ ಒಂದು ಸಲ, ಇನ್ನೊಂದು ಸಲ ಓದಿದಳು. ಹಸೆ ತನ್ನದು, ಬಣ್ಣ ತನ್ನದು, ಎರಡು ವರ್ಷ ಬಗ್ಗಿ ಬಗ್ಗಿ ಹಿಡಿದುಕೊಂಡ ಬೆನ್ನು ತನ್ನದು, ಹೆಸರು ಮಾತ್ರ ಬಚ್ಚಲಮನೆಯಲ್ಲಿ ಹಾಡಿಕೊಂಡು ಸ್ನಾನ ಮಾಡುತ್ತಿರುವ ಆ ಮಹಾರಾಯನದು!

ಹಸೆ ಬರೆಯುವುದನ್ನು ಅವಳು ಕಲಿತದ್ದು ಅತ್ತೆ ಅಂಬುಜಮ್ಮನವರ ಹತ್ತಿರ. ಇವರ ಹಿರಿಯರು ಮೈಸೂರು ಸೀಮೆಯಿಂದ ಯಾವ ಕಾಲದಲ್ಲಿ ಇಳಿದು ಬಂದರೋ ಯಾರಿಗೂ ನೆನಪಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮನೆಯಲ್ಲಿ ಒಬ್ಬರಿಗೂ ಬರದು. ಆದರೆ ಮದುವೆಮನೆಯಲ್ಲಿ ಹಸೆ ಬರೆಯುವುದು, ಬರೆಯುತ್ತ ಹಾಡುವುದು ತಪ್ಪಿಸಿದವರಲ್ಲ. ಮಗಳು ಭಾಮಾಳ ಮದುವೆಗೆ ಕಮಲಾಕ್ಷಮ್ಮ ಬರೆದ ಹಸೆಗೋಡೆಯನ್ನು ಬೀಗರು ಬಾಯಿ ಬಿಟ್ಟುಕೊಂಡು ನೋಡಿದ್ದರು. ಮದುವೆ ಮುಗಿದ ಮೂರನೇ ದಿನ ಛತ್ರದವರು ಸುಣ್ಣ ಹೊಡೆದರು. ಬಿಳಿ ಸುಣ್ಣದೊಳಗಿಂದ ಕೆಮ್ಮಣ್ಣಿನ ಗಿಳಿಯೊಂದು ಮಸುಕಾಗಿ ಇಣುಕುತ್ತಿತ್ತು. ಇನ್ನು ಗೋಡೆಯ ಸಹವಾಸ ಬೇಡ, ಹಾಳೆಯ ಮೇಲೆ ಬರೆಯುತ್ತೇನೆ ಎಂದು ಅವತ್ತೇ ನಿಶ್ಚಯ ಮಾಡಿಕೊಂಡಳು.

ಹಾಳೆ ತಂದುಕೊಟ್ಟವನು ಚಂದ್ರಶೇಖರ. ಅದನ್ನು ಇಲ್ಲವೆನ್ನಬಾರದು. ಮಿಲ್ಲಿನಲ್ಲಿ ಬೇಡವೆಂದು ಬಿಸಾಡಿದ ದಪ್ಪ ನಕ್ಷೆ ಹಾಳೆಗಳು, ಒಂದು ಬದಿಯಲ್ಲಿ ಯಂತ್ರದ ಚಕ್ರಗಳು, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಅರೆದ ಬಿಳಿಯಿಂದ, ಅರಿಸಿನದಿಂದ, ದೀಪದ ಕಪ್ಪಿನಿಂದ ಮದುವೆಯ ಕೆಲಸಗಳನ್ನೆಲ್ಲ ಅವಳು ಬರೆದಳು. ಅರಿಸಿನ ಕುಟ್ಟುವ ಹೆಂಗಸರು, ಮೊಗ್ಗಿನ ಜಡೆ ಹೆಣೆಯುವ ಅಕ್ಕ, ಹಪ್ಪಳ ಒಣಹಾಕಿ ಕಾಗೆ ಓಡಿಸುವ ಮುದುಕಿ, ಸಂಬಂಧಿಕರ ಮೇಲೆ ಮುನಿಸಿಕೊಂಡು ಕಂಬಕ್ಕೆ ಒರಗಿ ಕೂತ ಸೋದರತ್ತೆ. ಒಂದೊಂದರ ಕೆಳಗೂ ಹಸೆಹಾಡಿನ ಒಂದು ಸಾಲು. ಹಾಡು ಕನ್ನಡ, ಲಿಪಿ ತಮಿಳು. ಆ ಲಿಪಿಯಲ್ಲಿ ಬ ಬೇರೆ ಪ ಬೇರೆ ಎಂಬುದಿಲ್ಲ, ಬಾಳೆಯೂ ಒಂದೇ ಪಾಳೆಯೂ ಒಂದೇ. ಓದಿದವರು ಏನಾದರೂ ಅಂದುಕೊಳ್ಳಲಿ ಎಂದು ಬಿಟ್ಟಿದ್ದಳು.

ಹತ್ತು ದಿನದ ಹಿಂದೆ ಅವಳೂ ಚಂದ್ರಶೇಖರನೂ ಸುರುಳಿ ಸುತ್ತಿದ ಹಾಳೆಗಳನ್ನು ಜಟಕಾದಲ್ಲಿ ಇಟ್ಟುಕೊಂಡು ಒಪ್ಪಣಕ್ಕಾರ ಬೀದಿಗೆ ಹೋಗಿ ಒಪ್ಪಿಸಿ ಬಂದಿದ್ದರು. ಅಲ್ಲಿನ ಗುಮಾಸ್ತ ಲಿಂಗಪ್ಪನ್, ಇದು ಯಾರು ಮಾಡಿದ್ದು ಎಂದು ಕೇಳಿದ್ದ. ತಾನೇ ಎಂದು ಇವಳು ಎದೆಯುಬ್ಬಿಸಿ ತಮಿಳಿನಲ್ಲಿ ಹೇಳಿದ್ದಳು. ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ರುಜು ಹಾಕಿದ್ದಳು. ಶುಕ್ರವಾರದ ಉದ್ಘಾಟನೆಗೆ ಮಾತ್ರ ಹೋಗಿರಲಿಲ್ಲ. "ಅವತ್ತು ಬರೀ ಗಂಡಸರ ಕೂಟ ಅತ್ತಿಗೆ, ನೀವು ಭಾನುವಾರ ನಿಧಾನವಾಗಿ ಬನ್ನಿ" ಎಂದಿದ್ದ ಚಂದ್ರಶೇಖರ. ಅವನೊಬ್ಬನೇ ಹೋಗಿ ಬಂದು, ಚೆನ್ನಾಗಿ ಆಯಿತು ಎಂದಷ್ಟೇ ಹೇಳಿ ಊಟ ಮಾಡಿ ಮಲಗಿದ್ದ.

ಈಗ ಅವನು ತಲೆ ಒರೆಸಿಕೊಳ್ಳುತ್ತ ಬಂದ. ಅತ್ತಿಗೆಯ ಕೈಯಲ್ಲಿದ್ದ ಪೇಪರು ನೋಡಿದ. ಹಾಡು ನಿಂತಿತು.

"ಇದೇನೋ ಇದು?"

"ನಾನೇನ್ ಮಾಡ್ಲಿ ಅತ್ತಿಗೆ? ಅವರೇ ಹಾಕ್ಕೊಂಡ್ರು. ನಾನು ಬರ್ದೆ ಅಂತ ನಾನೆಲ್ಲಿ ಹೇಳ್ದೆ?"

"ನೀನು ಬರೀಲಿಲ್ಲ ಅಂತ ಎಲ್ಲಿ ಹೇಳ್ದೆ, ಅದು ಹೇಳು! ಶುಕ್ರವಾರ ಅಲ್ಲಿ ನಿಂತಿದ್ಯಲ್ಲ, ಚೀಟಿ ಕಣ್ಣಿಗೆ ಬೀಳ್ಲಿಲ್ವಾ? ಎರಡು ದಿನ ನನ್ನ ಕೈಯಲ್ಲಿ ಬಡಿಸ್ಕೊಂಡು ತಿಂದ್ಯಲ್ಲೋ, ಒಂದು ಮಾತು ಬಾಯಿಗೆ ಬರ್ಲಿಲ್ವಾ?"

ಅವನು ಟವಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಆಮೇಲೆ ವಿಷಯ ಹೊರಗೆ ಬಂತು. ಉದ್ಘಾಟನೆಗೆ ಮಿಲ್ಲಿನ ಮ್ಯಾನೇಜರರೂ ಬಂದಿದ್ದರಂತೆ. ನಮ್ಮ ನಕ್ಷೆ ಎಳೆಯುವವನ ಕೈಯಲ್ಲಿ ಇಷ್ಟು ಕಲೆ ಇದೆಯೇ ಎಂದು ಬೆನ್ನು ತಟ್ಟಿದರಂತೆ. ಸೀರೆ ಅಂಚಿನ ಡಿಸೈನು ಮಾಡುವ ವಿಭಾಗಕ್ಕೆ ಸೋಮವಾರವೇ ಬಂದು ಸೇರು ಎಂದರಂತೆ. ಅಲ್ಲಿ ಹೇಗೆ ಹೇಳಲಿ ಅತ್ತಿಗೆ, ಅಷ್ಟು ಜನರ ಎದುರಿಗೆ, ಎಂದ.

ಒಳಗಿನಿಂದ ಅಂಬುಜಮ್ಮನವರು ಬಂದರು. ಹಸೆ ಕಲಿಸಿದ ಗುರು ಇವರು, ಇವರಾದರೂ ನ್ಯಾಯ ಹೇಳುತ್ತಾರೆ ಎಂದುಕೊಂಡಳು ಕಮಲಾಕ್ಷಮ್ಮ. ಅವರು ಹೇಳಿದ್ದು ಹೀಗೆ: "ಹೋಗ್ಲಿ ಬಿಡೇ. ಹಸೆಗೆ ಯಾರಾದ್ರೂ ಪೇರು ಹಾಕ್ತಾರಾ? ನಾನು ಎಷ್ಟು ಮದ್ವೇಲಿ ಬರ್ದಿಲ್ಲ, ನನ್ನ ಪೇರು ಯಾವ ಗೋಡೆ ಮೇಲಿತ್ತು? ಹುಡುಗನಿಗೆ ಒಳ್ಳೇ ವೇಲೆ ಸಿಗೋ ಹಾಗಿದೆ. ಮನೆಯೊಳಗೇ ಇದೆಯಲ್ಲ, ಹೊರಗೇನೂ ಹೋಗ್ಲಿಲ್ವಲ್ಲ."

"ಆಮಾ, ಅದೂ ಸರಿ ಅನ್ನು," ಎಂದರು ರಾಯರು.

"ಏನ್ರೀ ಸರಿ? ನಿಮ್ಮ ಲೆಕ್ಕದ ಪುಸ್ತಕ ಬೇರೆ ಮೇಷ್ಟರು ತನ್ನ ಪೇರಲ್ಲಿ ಅಚ್ಚು ಹಾಕಿಸಿದ್ರೆ ಸುಮ್ನೆ ಇರ್ತೀರಾ? ಊರೆಲ್ಲಾ ಒಂದು ಮಾಡ್ಬಿಡ್ತೀರಿ! ನಂಗಾದ್ರೆ ಮನೆಯೊಳಗೆ, ನಿಮಗಾದ್ರೆ ಊರೊಳಗಾ?"

ರಾಯರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ನಾಲ್ಕು ವರ್ಷ ರಾತ್ರಿ ಹಗಲು ಕೂತು ಅವರೊಂದು ಲೆಕ್ಕದ ಪುಸ್ತಕ ಬರೆದಿದ್ದು ನಿಜ. ಸ್ವಲ್ಪ ಹೊತ್ತಿನ ಮೇಲೆ ತಮ್ಮನ ಕಡೆ ತಿರುಗಿ, "ಒಂದು ಕಡದಾಸಿ ಬರ್ದುಕೊಡೋ. ಇದು ನಂದಲ್ಲ, ಅತ್ತಿಗೇದು ಅಂತ ಬರ್ದು ಕೆಳಗೆ ನಿನ್ನ ಕೈಯೆಳುತ್ತು ಹಾಕು. ಅವರು ನಿನ್ನ ಪೇರು ತೆಗ್ದು ಮಾತ್ತಿ ಹಾಕ್ತಾರೆ," ಎಂದರು.

ಚಂದ್ರಶೇಖರನಿಗೆ ಏನನ್ನಿಸಿತೋ, ಸರಿ ಎಂದು ಒಳಗೆ ಹೋದ. ಕಾಲು ಗಂಟೆಯಲ್ಲಿ ತಮಿಳಿನಲ್ಲಿ ಕಾಗದ ಬರೆದು, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಬಂದ. ತಾನೇ ಹೋಗಿ ಕೊಟ್ಟು ಬರುವುದಾಗಿ ಹೇಳಿದ. ನಾನೂ ಬರ್ತೇನೆ ಎಂದು ಕಮಲಾಕ್ಷಮ್ಮ ಸೀರೆ ಬದಲಿಸಿದಳು. ಸಿಟ್ಟು ಅಷ್ಟೊತ್ತಿಗೆ ಸ್ವಲ್ಪ ಇಳಿದಿತ್ತು. ಅವಳು ಮದುವೆಯಾಗಿ ಈ ಮನೆಗೆ ಬಂದಾಗ ಇವನಿಗೆ ಏಳು ವರ್ಷ. ಮುಂಗೋಪಿ, ಆದರೆ ಸುಳ್ಳು ಹೇಳುವ ಹುಡುಗನಲ್ಲ. ಜನರ ಎದುರಿಗೆ ನಾಚಿಕೆಯಾಗಿದೆ ಅಷ್ಟೇ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಹಡಿ ಹತ್ತಿದರೆ ಜನವೋ ಜನ. ಹೆಂಗಸರು, ಮಕ್ಕಳು, ರೇಷ್ಮೆ ಅಂಗವಸ್ತ್ರದ ದೊಡ್ಡ ಮನುಷ್ಯರು. ಉದ್ದನೆಯ ಗೋಡೆಯ ಮೇಲೆ ಅವಳ ಹದಿನಾಲ್ಕೂ ಸಾಲಾಗಿ ನಿಂತಿದ್ದವು, ಮರದ ಚೌಕಟ್ಟು ಹಾಕಿಸಿಕೊಂಡು. ಕೆಮ್ಮಣ್ಣು ಕಿಟಕಿಯ ಬೆಳಕಿಗೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು! ಅಡಿಗೆಮನೆಯ ಮಬ್ಬಿನಲ್ಲಿ ತಾನು ಬರೆದದ್ದು ಇವನ್ನೇ ಏನು ಎಂದು ಅವಳಿಗೇ ಆಶ್ಚರ್ಯವಾಯಿತು. ಮುನಿಸಿಕೊಂಡ ಸೋದರತ್ತೆಯ ಮುಂದೆ ಮೂರು ಜನ ಹೆಂಗಸರು ನಿಂತು ನಗುತ್ತಿದ್ದರು. ನಮ್ಮ ದೊಡ್ಡತ್ತೆಯೇ ಇವಳು, ಥೇಟ್ ಹೀಗೇ ಕೂರುತ್ತಾಳೆ ಎಂದು ಒಬ್ಬಳು ತಮಿಳಿನಲ್ಲಿ ಹೇಳುತ್ತಿದ್ದಳು. ಇನ್ನೊಬ್ಬಳು ಚೀಟಿ ಓದಿ, "ಗಂಡಸಾಗಿದ್ದೂ ಹೆಂಗಸರ ಕೋಪವನ್ನು ಎಷ್ಟು ನೋಡಿಕೊಂಡಿದ್ದಾನೆ ನೋಡು!" ಎಂದು ಬೆರಗಾದಳು.

ಇಳಿದಿದ್ದ ಸಿಟ್ಟು ಒಂದೇ ಏಟಿಗೆ ನೆತ್ತಿಗೇರಿತು. ನಾನು ಕಣೇ, ನಾನು ನೋಡಿದ್ದು, ಮೂವತ್ತು ವರ್ಷ ಆ ಕಂಬದ ಪಕ್ಕದಲ್ಲಿ ಎಲೆ ಎತ್ತುತ್ತ ನಾನು ನೋಡಿದ್ದು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ಕಾರ್ಯದರ್ಶಿಯ ಕೋಣೆ ಎಲ್ಲಿ ಎಂದು ಕೇಳಿಕೊಂಡು ನೆಟ್ಟಗೆ ಒಳಗೆ ಹೋದಳು. ಚಂದ್ರಶೇಖರ ಹಿಂದೆ ಹಿಂದೆ ಬಂದ.

ಕಾರ್ಯದರ್ಶಿ ಸೋಮಸುಂದರಂ ಒಳ್ಳೆಯ ಮನುಷ್ಯರೇ. ಎದ್ದು ನಿಂತು ಕೈ ಮುಗಿದರು, ಕುರ್ಚಿ ಹಾಕಿಸಿದರು. ಮೇಜಿನ ಮೇಲೆ ಮದರಾಸಿಗೆ ಕಳಿಸಬೇಕಾದ ಪಟ್ಟಿ ಅರ್ಧ ಬರೆದು ಇಟ್ಟಿತ್ತು. ಸಂಜೆಯ ರೈಲಿಗೆ ಅದು ಹೋಗಬೇಕು, ನಾಳೆಯೇ ಅಲ್ಲಿ ಅಚ್ಚಿಗೆ ಹೋಗುತ್ತದೆ, ಅಚ್ಚಾದ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ ಎಂದು ಅವರೇ ಹೇಳಿದರು. ಅವರು ತಮಿಳಿನಲ್ಲಿ ಮಾತಾಡಿದರು, ಕಮಲಾಕ್ಷಮ್ಮನೂ ತಮಿಳಿನಲ್ಲೇ ಶುರು ಮಾಡಿದಳು. ಸಿಟ್ಟಿನಲ್ಲಿ ಅದು ಅರ್ಧ ಕನ್ನಡವಾಗಿ ಹೊರಟಿತು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ರಿಜಿಸ್ಟರು ತರಿಸಿ ಅವಳ ಮುಂದೆ ತೆರೆದಿಟ್ಟರು. "ಅಮ್ಮಾ, ಇದು ನಿಮ್ಮ ರುಜುವೇ ಅಲ್ಲವೇ? ನಮ್ಮ ಲಿಂಗಪ್ಪನ್ ಕೇಳಿದಾಗ ನೀವು ಹೇಳಿದ್ದನ್ನೇ ಅವನು ಇಲ್ಲಿ ಬರೆದಿದ್ದಾನೆ. 'ನಾಂದಾನ್ ಎಳುದಿನೇನ್' ಎಂದಿರಂತೆ. ಎಳುದಿದವರು ನೀವಾದರೆ, ವರೈದವರು ಇನ್ನೊಬ್ಬರಿರಬೇಕಲ್ಲ. ಪಕ್ಕದಲ್ಲಿ ಇವರು ನಿಂತಿದ್ದರು. ಹಾಳೆ ತಿರುಗಿಸಿ ನೋಡಿದರೆ ಹಿಂದೆ ಇವರ ನಕ್ಷೆ, ಇವರ ಸಹಿ. ಅವನದೇನು ತಪ್ಪು?"

ಕಮಲಾಕ್ಷಮ್ಮ ಆ ಪುಟವನ್ನೇ ನೋಡುತ್ತ ಕೂತಳು. ಅವಳಿಗೆ ಈಗ ಅರ್ಥವಾಯಿತು. ಅಯ್ಯೋ ಕರ್ಮವೇ! ಕನ್ನಡದಲ್ಲಿ ಕಾಗದವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಹಸೆಯನ್ನೂ ಬರೆಯುತ್ತೇವೆ. ಎಲ್ಲದಕ್ಕೂ ಅದೊಂದೇ ಮಾತು. ತಮಿಳಿನಲ್ಲಿ ಹಾಗಲ್ಲ. ಅಕ್ಷರವಾದರೆ ಎಳುದಬೇಕು, ಚಿತ್ರವಾದರೆ ವರೈಯಬೇಕು. ಅವಳು ತರಕಾರಿಯವಳ ಹತ್ತಿರ, ಹಾಲಿನವನ ಹತ್ತಿರ, ನೆರೆಮನೆಯ ಮುತ್ತಮ್ಮಾಳ್ ಹತ್ತಿರ ದಿನವಿಡೀ ತಮಿಳು ಮಾತಾಡುವವಳೇ. ಆದರೆ ಹಸೆಯ ಮಾತು ಹೊಸ್ತಿಲು ದಾಟಿದ್ದೇ ಇಲ್ಲ. ಅದನ್ನು ತಮಿಳಿನಲ್ಲಿ ಹೇಳುವ ಪ್ರಸಂಗ ನಲವತ್ತೈದು ವರ್ಷದಲ್ಲಿ ಅವತ್ತೇ ಮೊದಲು ಬಂದದ್ದು. ನಾನೇ ಬರೆದೆ ಎಂಬುದನ್ನು ಹಾಗೆಯೇ ಎತ್ತಿ ತಮಿಳಿಗೆ ಹಾಕಿಬಿಟ್ಟಿದ್ದಳು. ಹಸೆ ಬರೆದ ಕೈಯ ಹೆಸರನ್ನು ಅವಳ ಬಾಯೇ ಕಳೆದಿತ್ತು.

"ಅದು ನಮ್ಮ ಮನೆ ಮಾತು," ಎಂದಳು. "ನಮ್ಮಲ್ಲಿ ಎರಡಕ್ಕೂ ಒಂದೇ ಮಾತು. ನಾನು ಹೇಳಿದ್ದು ಚಿತ್ರವನ್ನ."

ಸೋಮಸುಂದರಂ ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ತೊದಲಿಗೆ ನಗುವಂಥದ್ದು. ಅದು ಅವಳಿಗೆ ಇನ್ನೂ ಉರಿಯಿತು. "ಇರಬಹುದು ತಾಯೀ. ಆದರೆ ಬಹುಮಾನ ಘೋಷಣೆಯಾಗಿದೆ, ಪೇಪರಿನಲ್ಲಿ ಬಂದಿದೆ. ನಿಮ್ಮೊಬ್ಬರ ಮಾತಿನ ಮೇಲೆ ನಾನು ಹೇಗೆ ಅಳಿಸಲಿ? ಯಾರ ಹೆಸರು ಇದೆಯೋ ಅವರು ಹೇಳಬೇಕು."

"ಹೇಳ್ತಾನೆ. ಬರ್ದೇ ತಂದಿದಾನೆ. ಕೊಡೋ ಚಂದ್ರೂ."

ಚಂದ್ರಶೇಖರ ಜೇಬಿನಿಂದ ಕಾಗದ ತೆಗೆದ. ಕೊಡುವಾಗ ಕೈ ಸ್ವಲ್ಪ ತಡೆಯಿತು, ಆದರೂ ಕೊಟ್ಟ. ಸೋಮಸುಂದರಂ ಬಿಚ್ಚಿ ಗಟ್ಟಿಯಾಗಿ ಓದಿದರು. ಮೇಲೆ ಐಯಾ ಅವರಿಗೆ ವಣಕ್ಕಂ, ಕೆಳಗೆ ಇಂತಿ ತಮ್ಮ ವಿಧೇಯ. ನಡುವೆ, ಅತ್ತಿಗೆಯನ್ನು ತಮಿಳಿನವರ ಹಾಗೆ ಅಣ್ಣಿ ಎಂದು ಕರೆದು, ಒಂದೇ ವಾಕ್ಯ. 'ಈ ಹದಿನಾಲ್ಕು ಹಾಳೆಗಳಲ್ಲಿ ಎಳುದಿದವರು ನನ್ನ ಅಣ್ಣಿಯೇ ಹೊರತು ನಾನಲ್ಲ ಎಂದು ಈ ಮೂಲಕ ತಿಳಿಸುತ್ತೇನೆ.'

ಅವರು ಕಾಗದವನ್ನು ಮೇಜಿನ ಮೇಲಿಟ್ಟು ಕೈ ಚೆಲ್ಲಿದರು. "ನಾವು ಹಾಕಿರುವುದೂ ಇದೇ ಅಲ್ಲವೇ? ಎಳುತ್ತು ಅಣ್ಣಿಯದು. ಇದರಲ್ಲಿ ಬದಲಾಯಿಸುವುದೇನಿದೆ?"

ಕಮಲಾಕ್ಷಮ್ಮನಿಗೆ ಮೊದಲು ಅಳುವುದೋ ನಗುವುದೋ ತಿಳಿಯಲಿಲ್ಲ. ಇವನೂ ಅದೇ ತಪ್ಪು ಮಾಡಿದನಲ್ಲ, ಇದು ನಮ್ಮ ಮನೆಯ ರೋಗವೇ ಇರಬೇಕು ಎಂದುಕೊಂಡಳು. "ಅಯ್ಯೋ ಮಂಕೇ, ನೀನೂ ಹಾಗೇ ಬರ್ದೆಯಾ..." ಎನ್ನುತ್ತ ಅವನ ಕಡೆ ತಿರುಗಿದಳು.

ಅವನು ಇವಳ ಮುಖ ನೋಡಲಿಲ್ಲ. ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

ಎಲಾ ಎಲಾ! ಇವನಿಗೆ ಆ ಮಾತು ಗೊತ್ತಿಲ್ಲವೇ? ಒಂಬತ್ತು ವರ್ಷದಿಂದ ದಿನಕ್ಕೆ ಎಂಟು ಗಂಟೆ ಅದೇ ಕೆಲಸ ಮಾಡಿ, ಅದೇ ಮಾತಾಡಿ ಬರುವವನಿಗೆ? ಊಟಕ್ಕೆ ಕೂತಾಗಲೂ ಇವತ್ತು ಇಷ್ಟು ವರೈದೆ, ನಾಳೆ ಅಷ್ಟು ವರೈಯಬೇಕು ಎಂದು ಕನ್ನಡದ ನಡುವೆ ತುರುಕಿ ಹೇಳುವವನಿಗೆ? ಆ ಮಾತು ಅವತ್ತು ತನಗೆ ಹೊಳೆದಿರಲಿಲ್ಲ, ಸರಿ. ಇವನಿಗೆ ಆ ಗುಮಾಸ್ತನ ಮುಂದೆ ನಿಂತ ದಿನವೇ ಗೊತ್ತಿತ್ತು. ಅತ್ತಿಗೆ ತಪ್ಪು ಮಾತಾಡಿದಳು ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದ. ಇವತ್ತು ಬೆಳಿಗ್ಗೆ ಕಾಲು ಗಂಟೆ ಕೂತು, ಯೋಚನೆ ಮಾಡಿ, ಅದೇ ತಪ್ಪನ್ನು ಹುಡುಕಿ ತೆಗೆದು ಬರೆದಿದ್ದ. ಅವಳ ದಡ್ಡತನದ ಹಿಂದೆ ಬಚ್ಚಿಟ್ಟುಕೊಂಡಿದ್ದ.

ಪೇಪರು ನೋಡಿದಾಗ ಮೈ ಉರಿದಿತ್ತು. ಈಗ ಉರಿಯಲಿಲ್ಲ, ತಣ್ಣಗಾಯಿತು. ಅದು ಇನ್ನೂ ಕೆಟ್ಟದು. ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು ಕೂತಳು.

"ಚಂದ್ರೂ, ನೀನು ಮಿಲ್ಲಲ್ಲಿ ಏನೋ ವೇಲೆ ಮಾಡ್ತೀಯಾ?"

"ಅತ್ತಿಗೆ, ಮನೇಗೆ ಹೋಗಿ ಮಾತಾಡೋಣ."

"ಇಲ್ಲೇ ಮಾತಾಡು. ಏನ್ ವೇಲೆ? ತಮಿಳಲ್ಲಿ ಹೇಳು, ಇವರಿಗೂ ಕೇಳಿಸ್ಲಿ."

ಸೋಮಸುಂದರಂ ಇಬ್ಬರನ್ನೂ ನೋಡುತ್ತಿದ್ದರು. ಹೊರಗಡೆ ಯಾವುದೋ ಮಗು ಚಿತ್ರದ ಕಾಗೆಯನ್ನು ಕೂಗಿ ಕರೆಯುತ್ತಿತ್ತು.

"ಪಡಂ... ಪಡಂ ವರೈಯುರ ವೇಲೆ," ಎಂದ ಕೊನೆಗೆ.

"ಹಾಗಾದ್ರೆ ಆ ಮಾತು ನಿಂಗೆ ಗೊತ್ತು."

ಇಷ್ಟೇ ಅಂದಳು. ಸೋಮಸುಂದರಂ ಅವರ ಮುಖದ ನಗು ಮಾಯವಾಯಿತು. ಕಾಗದವನ್ನು ಮತ್ತೆ ಎತ್ತಿಕೊಂಡು ಆ ಒಂದು ವಾಕ್ಯವನ್ನು ಕಣ್ಣಲ್ಲೇ ಓದಿದರು, ಆಮೇಲೆ ಚಂದ್ರಶೇಖರನನ್ನು ನೋಡಿದರು.

ಚಂದ್ರಶೇಖರನ ಕಿವಿಗಳು ಕೆಂಪಾಗಿದ್ದವು. "ನಾಳೆ ಸೇರು ಅಂದಿದಾರೆ ಅತ್ತಿಗೆ," ಎಂದ ಕನ್ನಡದಲ್ಲಿ, ತೀರಾ ಸಣ್ಣ ದನಿಯಲ್ಲಿ. "ಒಂಬತ್ತು ವರ್ಷ ಆ ಚಕ್ರ, ಆ ಹಲ್ಲು, ಅದನ್ನೇ ಎಳ್ದು ಎಳ್ದು ಸಾಕಾಗಿದೆ. ನಿಮಗೆ ಇದ್ರಿಂದ ಆಗ್ಬೇಕಾದ್ದು ಏನು? ವೇಲೆಗೆ ಹೋಗ್ತೀರಾ? ನಂಗೆ ಒಂದು ದಾರಿ ಆಗ್ತಿತ್ತು."

"ಕೇಳಿದ್ರೆ ಕೊಡ್ತಿದ್ನೇನೋ!" ಎಂದಳು ಅವಳು. "ಅತ್ತಿಗೆ, ನಂಗೆ ಬೇಕು ಅಂತ ಕೇಳಿದ್ರೆ, ಯಾರು ಕಂಡ್ರು, ಕೊಟ್ಟೇಬಿಡ್ತಿದ್ನೋ ಏನೋ. ಕಲಿಸಿ ಅಂದಿದ್ರೆ ಕೈ ಹಿಡಿದು ಕಲಿಸ್ತಿದ್ದೆ. ಕೇಳೋದಕ್ಕೂ ನಾನು ಬೇಡ್ವಾದೆ ಅಲ್ಲ? ಅವಳಿಗೆ ತಮಿಳು ಬರಲ್ಲ, ಏನ್ ಬರ್ದ್ರೂ ಗೊತ್ತಾಗಲ್ಲ, ಅಷ್ಟೇ ತಾನೇ ನೀನು ನೆನ್ಸಿದ್ದು? ಹೆಸರು ತಗೊಂಡಿದ್ದು ಹೋಗ್ಲಿ ಚಂದ್ರೂ, ನನ್ನ ಪೆದ್ದಿ ಮಾಡ್ದೆಯಲ್ಲ, ಅದು ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗಲ್ಲ. ಹೇಳು. ಇವರಿಗೆ ಹೇಳು. ಸರಿಯಾದ ಮಾತಲ್ಲಿ ಹೇಳು."

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತಮಿಳಿನಲ್ಲಿ, ನೆಲ ನೋಡಿಕೊಂಡು, "ವರೈಂಜದು ಅಣ್ಣಿ," ಎಂದ.

"ಸರಿಯಾಗಿ ಕೇಳಿಸಲಿಲ್ಲ," ಎಂದರು ಸೋಮಸುಂದರಂ. ಅವರಿಗೂ ಈಗ ಸಿಟ್ಟು ಬಂದಿತ್ತು.

"ವರೈಂಜದು ಅಣ್ಣಿದಾನ್. ಚಿತ್ರವೂ ಅವರದು, ಅಕ್ಷರವೂ ಅವರದು. ನನ್ನದು ಏನೂ ಇಲ್ಲ." ಹೇಳಿದವನೇ ಹೊರಟುಹೋದ. ಮರದ ಮೆಟ್ಟಿಲುಗಳ ಮೇಲೆ ಅವನ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿಸಿತು.

ಗೆದ್ದೆನೆಂದು ಕಮಲಾಕ್ಷಮ್ಮನಿಗೆ ಅನ್ನಿಸಲಿಲ್ಲ. ಸಂಜೆ ಮನೆಯಲ್ಲಿ ಅತ್ತೆ ಏನನ್ನುತ್ತಾರೆ, ಗಂಡ ಯಾವ ಮುಖ ಮಾಡಿಕೊಂಡು ಕೂರುತ್ತಾರೆ, ನಾಳೆ ಇವನು ಮಿಲ್ಲಿಗೆ ಹೋಗಿ ಮ್ಯಾನೇಜರರಿಗೆ ಏನು ಹೇಳುತ್ತಾನೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ತನ್ನದನ್ನು ತನ್ನದು ಎಂದು ಹೇಳಿಸಿಕೊಳ್ಳುವುದಕ್ಕೆ ಮನೆಯ ಹುಡುಗನನ್ನು ಹೀಗೆ ನಿಲ್ಲಿಸಬೇಕಾಯಿತಲ್ಲ! ಹಾಗೆ ನಿಲ್ಲಿಸುವಂತೆ ಮಾಡಿದವರ ಮೇಲೆ, ಅದರಲ್ಲಿ ಅವನ ಮೇಲೂ, ಅವಳಿಗೆ ಇನ್ನೊಂದು ಸುತ್ತು ಸಿಟ್ಟು ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳು.

ಸೋಮಸುಂದರಂ ಎದ್ದು ಕೈ ಮುಗಿದು, ತಪ್ಪಾಯಿತು ಅಮ್ಮಾ, ಮನ್ನಿಸಬೇಕು ಎಂದರು. ಲಿಂಗಪ್ಪನ್‌ನನ್ನು ಕರೆದು ಗೋಡೆಯ ಮೇಲಿನ ಹದಿನಾಲ್ಕು ಚೀಟಿಗಳನ್ನೂ ಈಗಿಂದೀಗಲೇ ತೆಗೆಯಲು ಹೇಳಿದರು. ಆಮೇಲೆ ಮದರಾಸಿನ ಪಟ್ಟಿಯನ್ನು ಮುಂದಕ್ಕೆ ಎಳೆದುಕೊಂಡು, ಚಂದ್ರಶೇಖರನ್ ಎಂಬುದನ್ನು ಎರಡು ಗೀಟು ಹಾಕಿ ಹೊಡೆದು, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆಯತೊಡಗಿದರು. ದೊಡ್ಡ ಜಾಗಕ್ಕೆ ಹೋಗುವ ಪಟ್ಟಿ, ಗೌರವವಾಗಿರಲಿ ಎಂದು ಹೇಳಿಕೊಂಡೇ ಬರೆದರು.

ಕಮಲಾಕ್ಷಮ್ಮ ಮೇಜಿನ ಈಚೆಯಿಂದ ತಲೆಕೆಳಗಾಗಿಯೇ ಓದಿದಳು. 'ತಿರುಮತಿ ಗೋಪಾಲಕೃಷ್ಣನ್.' ಶ್ರೀಮತಿ ಎಂಬುದರ ಮುಂದೆ ಈ ಸಲ ಗಂಡನ ಹೆಸರು!

ಅವಳು ಕೈ ಚಾಚಿ ಅವರ ಲೇಖನಿಯನ್ನು ಹಿಡಿದುಕೊಂಡಳು.

ಬರೆದದ್ದು ಅವರೂ ಅಲ್ಲ ಎಂಬುದನ್ನು ಈ ಸಲ ಸರಿಯಾದ ತಮಿಳು ಮಾತಿನಲ್ಲೇ, "ಅವರುಂ ವರೈಯಲೈ," ಎಂದಳು.